ಸೆಸ್ಕ್ ಲೈನಿಗೆ ಸೋಲಾರ್ ಇನ್ವರ್ಟರ್ ಸೇರಿಸುವ ಮೊದಲು: ಕೊಡಗಿನ ಮನೆಗಳಿಗೊಂದು ಕೈಪಿಡಿ

ಸೋಲಾರ್ ಮಾತು ಬಂದರೆ ಕೊಡಗಿನಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಮಳೆಯದು. ಕಕ್ಕಡದಲ್ಲಿ (ಜುಲೈ–ಆಗಸ್ಟಿನ ಜಡಿಮಳೆಯ ತಿಂಗಳು) ಸೂರ್ಯನೇ ಕಾಣದಿದ್ದರೆ ಪ್ಯಾನಲ್ ಏನು ಮಾಡುತ್ತದೆ? ಉತ್ಪಾದನೆ ಬೇಸಿಗೆಯ ಮೂರನೇ ಒಂದು ಭಾಗಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ, ಅಷ್ಟೆ. ಇದು ಮೊದಲೇ ಗೊತ್ತಿರುವ ನಷ್ಟ. ನಿಜವಾಗಿ ಕಾಡುವ ತೊಂದರೆ ಬರುವುದು ಫೆಬ್ರವರಿ, ಮಾರ್ಚ್ ತಿಂಗಳ ಮಟಮಟ ಮಧ್ಯಾಹ್ನ. ಆಕಾಶದಲ್ಲಿ ಒಂದು ಮೋಡವಿಲ್ಲ, ಪ್ಯಾನಲ್ ಮೇಲೆ ನೆರಳಿಲ್ಲ, ಆದರೂ ಪ್ಯಾನಲಿನ ಡಿಸಿಯನ್ನು ಏಸಿ ಮಾಡಿ ಲೈನಿಗೆ ಕೊಡುವ ಇನ್ವರ್ಟರಿನ ಪರದೆಯಲ್ಲಿ ‘ಗ್ರಿಡ್ ಓವರ್ ವೋಲ್ಟೇಜ್’ ಎಂದು ಬಂದು ಉತ್ಪಾದನೆ ಸೊನ್ನೆಗೆ ಬೀಳುತ್ತದೆ. ಒಂದೆರಡು ನಿಮಿಷ ಬಿಟ್ಟು ಮತ್ತೆ ಶುರು, ಮತ್ತೆ ಬಂದ್. ಇನ್ವರ್ಟರ್ ಕೆಟ್ಟಿದೆ ಎಂದು ಬದಲಾಯಿಸಿದರೆ ಹೊಸದೂ ಹಾಗೇ ಮಾಡುತ್ತದೆ. ತೊಂದರೆ ಇರುವುದು ಟಿಸಿಯಿಂದ (ಕಂಬದ ಟ್ರಾನ್ಸ್‌ಫಾರ್ಮರಿನಿಂದ) ಮನೆಯವರೆಗಿನ ತಂತಿಯಲ್ಲಿ. ಆದ್ದರಿಂದ ಪ್ಯಾನಲ್ ಯಾವ ಕಂಪನಿಯದು ಎಂದು ಯೋಚಿಸುವ ಮೊದಲು ಮೀಟರ್ ಬೋರ್ಡಿನಲ್ಲಿ ವೋಲ್ಟೇಜ್ ಅಳೆಯಿರಿ.

ಲೈನಿನ ಲೆಕ್ಕ

ನಮ್ಮ ಕಂಬಗಳ ಮೇಲಿನ ಟಿಸಿಗಳು 11 ಕೆವಿಯನ್ನು 433 ವೋಲ್ಟಿಗೆ ಇಳಿಸುವಂಥವು. 433 ವೋಲ್ಟ್ ಎಂದರೆ ಒಂದು ಫೇಸಿಗೆ 250. ಮನೆಮನೆಯಲ್ಲೂ ಲೋಡ್ ಇದ್ದಾಗ ಇದು 230ರ ಆಸುಪಾಸಿಗೆ ಇಳಿಯಲಿ ಎಂಬ ಎಣಿಕೆಯಿಂದಲೇ ಹೀಗೆ ಮಾಡಿರುವುದು. ಲೋಡ್ ಇಲ್ಲದ ಹೊತ್ತಿನಲ್ಲಿ 250 ಹಾಗೇ ನಿಲ್ಲುತ್ತದೆ. ಇನ್ನೊಂದು ಕಡೆ, ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮದ ಪ್ರಕಾರ ವೋಲ್ಟೇಜ್ ನಿಗದಿತ ಮಟ್ಟದ ಶೇ. 110 ದಾಟಿದರೆ, ಇಲ್ಲವೇ ಶೇ. 80ಕ್ಕಿಂತ ಇಳಿದರೆ, ಇನ್ವರ್ಟರ್ 2 ಸೆಕೆಂಡಿನೊಳಗೆ ಲೈನಿನಿಂದ ಕಳಚಿಕೊಳ್ಳಬೇಕು. 230ನ್ನು ನಿಗದಿತ ಮಟ್ಟವಾಗಿ ಹಿಡಿದ ಯಂತ್ರಕ್ಕೆ ಮೇಲಿನ ಗೆರೆ 253 ವೋಲ್ಟ್.

ಇನ್ವರ್ಟರ್ ಕರೆಂಟನ್ನು ಲೈನಿಗೆ ತಳ್ಳಬೇಕಾದರೆ ಅದರ ವೋಲ್ಟೇಜ್ ಲೈನಿಗಿಂತ ತುಸು ಮೇಲಿರಬೇಕು. ಎಷ್ಟು ಮೇಲೆ ಎಂಬುದನ್ನು ತಂತಿಯ ರೆಸಿಸ್ಟನ್ಸ್ ತೀರ್ಮಾನಿಸುತ್ತದೆ. ಒಂದು ಉದಾಹರಣೆ ಹಾಕಿ ನೋಡೋಣ. 3 ಕಿಲೋವ್ಯಾಟ್ ಸಿಂಗಲ್ ಫೇಸ್ ಇನ್ವರ್ಟರ್ ಎಂದರೆ 13 ಆಂಪಿಯರ್. ಟಿಸಿ 400 ಮೀಟರ್ ದೂರದಲ್ಲಿದೆ, ನಡುವೆ ವೀಸಲ್ ಎಂಬ ಸೈಜಿನ ಅಲ್ಯೂಮಿನಿಯಂ ತಂತಿ, ಅದರ ರೆಸಿಸ್ಟನ್ಸ್ ಕಿಲೋಮೀಟರಿಗೆ 0.91 ಓಮ್. ಹೋಗಿಬರುವ ದಾರಿ ಎರಡೂ ಸೇರಬೇಕಾದ್ದರಿಂದ 2 × 0.4 × 0.91 × 13, ಅಂದರೆ 9.5 ವೋಲ್ಟ್ ಏರಿಕೆ. ಪ್ಯಾನಲ್ ಇರುವುದು ಮನೆಯಿಂದಾಚೆ ಗೋಡೌನಿನ ಮೇಲೆ, ಇನ್ವರ್ಟರನ್ನೂ ಅಲ್ಲೇ ಗೋಡೆಗೆ ಹಾಕಿ 60 ಮೀಟರ್ 4 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ ಮೀಟರಿಗೆ ತಂದಿದ್ದಾರೆ ಎಂದುಕೊಳ್ಳಿ. 4 ಸ್ಕ್ವೇರಿಗೆ ಕಿಲೋಮೀಟರಿಗೆ 4.61 ಓಮ್, ಹಾಗಾಗಿ ಇನ್ನೊಂದು 7.2 ವೋಲ್ಟ್. ಒಟ್ಟು ಸುಮಾರು 17. ಟಿಸಿ ಬಳಿ 240 ಇದ್ದರೂ ಇನ್ವರ್ಟರ್ ಬಾಯಲ್ಲಿ 257. ಟ್ರಿಪ್ ಆಗದೆ ಇನ್ನೇನು?

ಇದೇ 60 ಮೀಟರಿಗೆ 10 ಸ್ಕ್ವೇರ್ ವೈರ್ ಎಳೆದರೆ ಆ ಭಾಗದ ಏರಿಕೆ 2.9 ವೋಲ್ಟಿಗೆ ಬರುತ್ತದೆ. ಒಟ್ಟು 252.4, ಕೂದಲೆಳೆಯಷ್ಟರಲ್ಲಿ ಪಾರು. ಇದಕ್ಕಿಂತ ಒಳ್ಳೆಯ ದಾರಿ ಇನ್ವರ್ಟರನ್ನೇ ಮೀಟರಿನ ಪಕ್ಕಕ್ಕೆ ತರುವುದು. ಆಗ ದೂರ ಓಡುವುದು ಡಿಸಿ ವೈರು. 6 ಸ್ಕ್ವೇರ್ ಸೋಲಾರ್ ಕೇಬಲಿನಲ್ಲಿ 60 ಮೀಟರಿಗೆ 5 ವೋಲ್ಟಿನಷ್ಟು ಕಳೆಯಬಹುದು, 250 ವೋಲ್ಟಿನ ಸ್ಟ್ರಿಂಗಿನಲ್ಲಿ (ಒಂದಕ್ಕೊಂದು ಸಾಲಾಗಿ ಜೋಡಿಸಿದ ಪ್ಯಾನಲ್‌ಗಳಲ್ಲಿ) ಅದು ಶೇ. 2. ಡಿಸಿ ಕಡೆಯ ಡ್ರಾಪ್ ಒಂದಿಷ್ಟು ಯೂನಿಟ್ ತಿನ್ನುತ್ತದೆಯೇ ಹೊರತು ಇನ್ವರ್ಟರನ್ನು ನಿಲ್ಲಿಸುವುದಿಲ್ಲ. ಏಸಿ ಕಡೆಯ ಏರಿಕೆ ಇಡೀ ಮಧ್ಯಾಹ್ನವನ್ನೇ ತಿನ್ನುತ್ತದೆ.

ತ್ರೀ ಫೇಸ್ ಸರ್ವೀಸ್ ಇರುವವರು 5 ಕಿಲೋವ್ಯಾಟ್ ಹಾಕುವುದಾದರೆ ತ್ರೀ ಫೇಸ್ ಇನ್ವರ್ಟರನ್ನೇ ತೆಗೆದುಕೊಳ್ಳಿ. ಸಿಂಗಲ್ ಫೇಸಿನಲ್ಲಿ 21.7 ಆಂಪಿಯರ್ ಒಂದೇ ತಂತಿಯಲ್ಲಿ ಹೋಗಿ ನ್ಯೂಟ್ರಲಿನಲ್ಲಿ ವಾಪಸ್ ಬರುತ್ತದೆ. ತ್ರೀ ಫೇಸಿನಲ್ಲಿ ಅದು ತಲಾ 7.2 ಆಂಪಿಯರ್ ಆಗಿ ಹಂಚಿಹೋಗುತ್ತದೆ, ನ್ಯೂಟ್ರಲಿನಲ್ಲಿ ಹೆಚ್ಚುಕಡಿಮೆ ಏನೂ ಹರಿಯುವುದಿಲ್ಲ. ಅದೇ ಲೈನಿನಲ್ಲಿ ಏರಿಕೆ ಆರನೇ ಒಂದು ಭಾಗವಾಗುತ್ತದೆ. ಬೆಲೆಯ ವ್ಯತ್ಯಾಸ ನೋಡಿ ಸಿಂಗಲ್ ಫೇಸಿಗೆ ಇಳಿಯುವುದು ತೋಟದ ಮನೆಗಳಿಗೆ ಬುದ್ಧಿವಂತಿಕೆಯಲ್ಲ.

ಅಳೆಯುವುದು ಹೇಗೆ? ಒಳ್ಳೆಯ ಡಿಜಿಟಲ್ ಮಲ್ಟಿಮೀಟರ್ ಸಾಕು. ಮನೆಯ ಮೇನ್ ಸ್ವಿಚ್ ಆಫ್ ಮಾಡಿ, ಲೈನ್ ಕಡೆಯ ಟರ್ಮಿನಲ್ಲುಗಳಲ್ಲಿ ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ. ಬೆಳಗ್ಗೆ 6, ಮಧ್ಯಾಹ್ನ 12ರಿಂದ 1, ರಾತ್ರಿ 7, ಈ ಹೊತ್ತುಗಳಲ್ಲಿ ಕೆಲವು ದಿನ ಬರೆದಿಡಿ. ಅದರಲ್ಲಿ ಒಂದು ಭಾನುವಾರ ಇರಲಿ. ತೋಟಕ್ಕೆ ನೀರು ಹಾಯಿಸುವ ಸಮಯದಲ್ಲಿ ಆ ಟಿಸಿಯ ಮೋಟಾರುಗಳೆಲ್ಲ ಓಡುತ್ತಿದ್ದರೆ ವೋಲ್ಟೇಜ್ ತಗ್ಗಿರುತ್ತದೆ, ಅದನ್ನು ನಂಬಬೇಡಿ. ಕಾಫಿ ಹೂ ಬಿಡಿಸುವ ಒಂದು ಒಳ್ಳೆಯ ಹೂಮಳೆ ಬಿದ್ದರೆ ಎಲ್ಲರೂ ಒಂದೇ ದಿನ ಮೋಟಾರ್ ನಿಲ್ಲಿಸುತ್ತಾರೆ, ಮರುದಿನ ಬಿಸಿಲೂ ಚೆನ್ನಾಗಿರುತ್ತದೆ. ಇನ್ವರ್ಟರಿಗೆ ಪರೀಕ್ಷೆ ಅವತ್ತು. ಮಧ್ಯಾಹ್ನ 235ರೊಳಗಿದ್ದರೆ ನಿಶ್ಚಿಂತೆ. 235ರಿಂದ 245ರ ನಡುವೆ ಇದ್ದರೆ ಮೇಲಿನ ಲೆಕ್ಕ ಹಾಕಿ ವೈರ್ ಆರಿಸಿ. 245 ದಾಟಿದರೆ ಮೊದಲು ಸೆಸ್ಕ್ (ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ) ಶಾಖಾ ಕಚೇರಿಯ ಜೆಇ (ಕಿರಿಯ ಎಂಜಿನಿಯರ್) ಅವರಿಗೆ ಬರೆದ ಅಂಕಿಗಳ ಸಮೇತ ಅರ್ಜಿ ಕೊಡಿ. ಕೊನೆಯ ಮನೆಗೆ ವೋಲ್ಟೇಜ್ ಸಾಲದೆಂದು ಯಾವತ್ತೋ ಟಿಸಿಯಲ್ಲಿ ವೋಲ್ಟೇಜ್ ಹೊಂದಿಸುವ ಟ್ಯಾಪನ್ನು ಏರಿಸಿಟ್ಟಿರಬಹುದು. ಟ್ಯಾಪ್ ಇರುವ ಟಿಸಿಯಾದರೆ ಲೈನ್ ಆಫ್ ಮಾಡಿ ಒಂದು ಹೆಜ್ಜೆ ಇಳಿಸುವುದು ಅವರ ಕೈಲಿದೆ.

ಅರ್ಜಿ

ಪಿಎಂ ಸೂರ್ಯಘರ್ ಯೋಜನೆಯ ಪೋರ್ಟಲಿನಲ್ಲಿ ಆರ್‌ಆರ್ ನಂಬರ್ ಹಾಕಿ ಅರ್ಜಿ ಸಲ್ಲಿಸಬೇಕು. ಸಹಾಯಧನ ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂ., ಮೂರನೆಯದಕ್ಕೆ 18,000 ರೂ., ಒಟ್ಟು ಮಿತಿ 78,000 ರೂ. ಇದಕ್ಕೆ ಭಾರತದಲ್ಲೇ ತಯಾರಾದ ಸೆಲ್ಲಿನ ಪ್ಯಾನಲ್ ಬೇಕು. ಬಿಲ್ಲಿನಲ್ಲಿ ಡಿಸಿಆರ್ ಎಂದು ಬರೆಸಿಕೊಳ್ಳಿ.

ಕೊಡಗಿನಲ್ಲಿ ಅರ್ಜಿ ಸಿಕ್ಕಿಕೊಳ್ಳುವ ಜಾಗ ಒಂದೇ, ಹೆಸರು. ಜಮ್ಮಾ (ಕುಟುಂಬದ ಪಾರಂಪರಿಕ) ಆಸ್ತಿ ಪಟ್ಟೇದಾರರ ಹೆಸರಿನಲ್ಲಿ, ಕರೆಂಟ್ ಬಿಲ್ ತೀರಿಹೋದ ಅಜ್ಜನ ಹೆಸರಿನಲ್ಲಿ, ಬ್ಯಾಂಕ್ ಖಾತೆ ಮಗನ ಹೆಸರಿನಲ್ಲಿ. ಸೋಲಾರ್ ಅರ್ಜಿಗೆ ಕೈ ಹಾಕುವ ಮೊದಲೇ ಮೀಟರಿನ ಹೆಸರು ಬದಲಾವಣೆ ಮುಗಿಸಿ. ಐನ್‌ಮನೆಯ (ಮನೆತನದ ಮೂಲಮನೆಯ) ಮೀಟರಿಗೆ ಹಾಕಿಸುವುದಾದರೆ ಒಕ್ಕದವರ (ಮನೆತನದವರ) ಒಪ್ಪಿಗೆ ಬರಹದಲ್ಲಿರಲಿ. ಲೈನ್‌ಮನೆಗಳ (ತೋಟದ ಕಾರ್ಮಿಕರ ಸಾಲುಮನೆಗಳ) ಮೀಟರ್, ಪಂಪ್‌ಸೆಟ್ ಮೀಟರ್ ಬೇರೆ ಆರ್‌ಆರ್ ನಂಬರಿನವು. ಮನೆಯ ಸೋಲಾರಿನಿಂದ ಅಲ್ಲಿಗೆ ವೈರ್ ಎಳೆಯುವ ಹಾಗಿಲ್ಲ.

2024ರಲ್ಲಿ ತಿದ್ದುಪಡಿಯಾದ ಗ್ರಾಹಕರ ಹಕ್ಕುಗಳ ನಿಯಮದಿಂದಾಗಿ 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಬೇಕಿಲ್ಲ. ಅನುಕೂಲವೇ. ಆದರೆ ನಿಮ್ಮ ಲೈನ್ ತಡೆಯುತ್ತದೆಯೇ ಎಂದು ಯಾರೂ ನೋಡಿರುವುದಿಲ್ಲ ಎಂದೂ ಅರ್ಥ. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತಿದೆ, ಇದನ್ನು ನೆನಪಿಡಿ: 5 ಕಿಲೋವ್ಯಾಟ್‌ವರೆಗಿನ ಮನೆ ಸೋಲಾರಿಗಾಗಿ ವಿತರಣಾ ಲೈನನ್ನು ಬಲಪಡಿಸಬೇಕಾದರೆ ಅದರ ಖರ್ಚು ಸರಬರಾಜು ಕಂಪನಿಯದು. ಜೆಇ ಅವರಿಗೆ ಕೊಡುವ ಅರ್ಜಿಯಲ್ಲಿ ಈ ಸಾಲು ಇರಲಿ.

ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿರುವ ಮನೆಯವರು ಮಾತ್ರ ಹಣ ಹಾಕುವ ಮೊದಲು ಕಾಗದ, ಪೆನ್ನು ಹಿಡಿದು ಕೂರುವುದು ಒಳ್ಳೆಯದು. ತಿಂಗಳಿಗೆ 200 ಯೂನಿಟ್ ದಾಟುವವರಿಗೆ, ಹೋಂಸ್ಟೇ ನಡೆಸುವವರಿಗೆ ಲೆಕ್ಕ ಬೇರೆ.

ಪ್ಯಾನಲ್ ಮತ್ತು ಸ್ಟ್ರಿಂಗ್

ದಕ್ಷಿಣಕ್ಕೆ ಮುಖ, 12ರಿಂದ 15 ಡಿಗ್ರಿ ಇಳಿಜಾರು. ಹಂಚಿನ ಮಾಡಿಗೆ ಹಾಕುವುದಾದರೆ ಹುಕ್ ಪಕ್ಕಾಸಿಗೇ ಬಿಗಿಯಬೇಕು, ರೀಪಿಗೆ ಬಿಗಿದರೆ ಜೂನ್ ಗಾಳಿಗೆ ರೀಪಿನ ಸಮೇತ ಏಳುತ್ತದೆ. ಕಣದ ದಕ್ಷಿಣಕ್ಕೆ ಎತ್ತರದ ಸ್ಟ್ರಕ್ಚರ್ ಬೇಡ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವಾಗ ಹರಡಿದ ಕಾಫಿಯ ಮೇಲೆ ನೆರಳು ಬೀಳುತ್ತದೆ. ಸಿಲ್ವರ್ ಓಕಿನ ನೆರಳನ್ನೂ ಆ ತಿಂಗಳುಗಳಲ್ಲೇ ನೋಡಬೇಕು. ಒಂದೇ ರೆಂಬೆಯ ನೆರಳು ಒಂದು ಪ್ಯಾನಲಿನ ಮೂರನೇ ಒಂದು ಭಾಗವನ್ನು ಮಲಗಿಸಬಲ್ಲದು.

540 ವ್ಯಾಟಿನ ಪ್ಯಾನಲಿನ ಓಪನ್ ಸರ್ಕ್ಯೂಟ್ ವೋಲ್ಟೇಜ್ ಸುಮಾರು 49.5. ಚಳಿಗೆ ಅದು ಏರುತ್ತದೆ. ಜನವರಿ ಬೆಳಗಿನ 10 ಡಿಗ್ರಿಗೆ ಶೇ. 4 ಸೇರಿಸಿದರೆ 51.5. ಆರು ಪ್ಯಾನಲಿನ ಸ್ಟ್ರಿಂಗ್ ಎಂದರೆ 309 ವೋಲ್ಟ್, 500 ವೋಲ್ಟ್ ಮಿತಿಯ 3 ಕಿಲೋವ್ಯಾಟ್ ಇನ್ವರ್ಟರಿಗೆ ಏನೂ ಭಯವಿಲ್ಲ.

ಜೋಡಣೆಯ ಕ್ರಮ

ಪ್ಯಾನಲ್, ಡಿಸಿಡಿಬಿ (ಡಿಸಿ ಕಡೆಯ ಸ್ವಿಚ್, ರಕ್ಷಣೆಯ ಡಬ್ಬ), ಇನ್ವರ್ಟರ್, ಎಸಿಡಿಬಿ (ಏಸಿ ಕಡೆಯದು), ಉತ್ಪಾದನೆ ಅಳೆಯುವ ಸೋಲಾರ್ ಮೀಟರ್, ಮನೆಯ ಮೇನ್, ನಂತರ ಎರಡೂ ದಿಕ್ಕು ಅಳೆಯುವ ಮೀಟರ್, ಆಮೇಲೆ ಕಂಬ. ಎಸಿಡಿಬಿ ಬಳಿ ಲೈನ್‌ಮನ್ ಕೈಗೆ ಸಿಗುವ ಹಾಗೆ, ಬೀಗ ಹಾಕಲು ಬರುವ ಐಸೊಲೇಟರ್ ಇರಲೇಬೇಕು. ಇನ್ವರ್ಟರ್ ಖರೀದಿಸುವಾಗ ಐಎಸ್ 16221 ಭಾಗ 2 ಮತ್ತು ಐಎಸ್ 16169ರ ಪ್ರಮಾಣಪತ್ರ ಕೇಳಿ. ಎರಡನೆಯದು ಕರೆಂಟ್ ಹೋದಾಗ ಇನ್ವರ್ಟರ್ ತಾನೂ ನಿಲ್ಲುತ್ತದೆ ಎಂಬುದರ ಪರೀಕ್ಷೆ.

ಎಸಿಡಿಬಿಯಲ್ಲಿ 3 ಕಿಲೋವ್ಯಾಟಿಗೆ 20 ಆಂಪಿಯರ್, 5 ಕಿಲೋವ್ಯಾಟ್ ಸಿಂಗಲ್ ಫೇಸಿಗೆ 32 ಆಂಪಿಯರ್ ಎಂಸಿಬಿ, ಸಿ ಕರ್ವ್, ಡಬಲ್ ಪೋಲ್. ಇನ್ವರ್ಟರಿನ ಕರೆಂಟನ್ನು 1.25ರಿಂದ ಗುಣಿಸಿ ಮೇಲಿನ ಸೈಜ್ ಹಿಡಿಯುವ ಲೆಕ್ಕ ಇದು. ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಇನ್ವರ್ಟರ್ ಕೈಪಿಡಿ ಹೇಳಿದ್ದೇ ಆಗಲಿ. ಸಾಮಾನ್ಯವಾಗಿ ಅದು 100 ಮಿಲಿಆಂಪಿಯರ್ ಅಥವಾ ಮೇಲಿನದು. 30ರದ್ದು ಹಾಕಿದರೆ ಒದ್ದೆ ಪ್ಯಾನಲಿನ ಸಣ್ಣ ಸೋರಿಕೆಗೇ ಮಳೆಗಾಲವಿಡೀ ಬೀಳುತ್ತಿರುತ್ತದೆ. ಡಿಸಿಡಿಬಿಯಲ್ಲಿ ಟೈಪ್ 2 ಸರ್ಜ್ ಅರೆಸ್ಟರ್ (ಸಿಡಿಲಿಗೆ ಹಾರುವ ವೋಲ್ಟೇಜನ್ನು ಅರ್ತಿಗೆ ಇಳಿಸುವಂಥದ್ದು) ಮತ್ತು ಡಿಸಿಗೆಂದೇ ಮಾಡಿದ ಐಸೊಲೇಟರ್ ಬೇಕು. ಏಸಿ ಎಂಸಿಬಿಯನ್ನು ಡಿಸಿಗೆ ಹಾಕಿದರೆ ಆಫ್ ಮಾಡುವಾಗ ಕಿಡಿ ಆರದೆ ಡಬ್ಬವೇ ಉರಿಯುತ್ತದೆ. ಒಂದೇ ಸ್ಟ್ರಿಂಗ್ ಇದ್ದರೆ ಡಿಸಿ ಫ್ಯೂಸಿನ ಅಗತ್ಯವಿಲ್ಲ. ಡಿಸಿ ಕೇಬಲ್ 10 ಮೀಟರಿಗಿಂತ ಉದ್ದವಾದರೆ ಪ್ಯಾನಲ್ ಕಡೆಗೊಂದು, ಇನ್ವರ್ಟರ್ ಕಡೆಗೊಂದು, ಎರಡು ಅರೆಸ್ಟರ್ ಹಾಕಿ.

ಅಲ್ಯೂಮಿನಿಯಂ ಸರ್ವೀಸ್ ವೈರಿಗೆ ತಾಮ್ರದ ವೈರನ್ನು ಸುತ್ತಿ ಟೇಪ್ ಹಾಕುವ ಅಭ್ಯಾಸ ಇಲ್ಲಿ ಧಾರಾಳ. ನಮ್ಮ ತೇವಕ್ಕೆ ಆ ಗಂಟು ಬೇಗ ಬಿಳಿ ಪುಡಿ ಕಟ್ಟಿ ಬಿಸಿಯಾಗುತ್ತದೆ. ಅಲ್ಲಿನ ರೆಸಿಸ್ಟನ್ಸ್ ಕೂಡ ವೋಲ್ಟೇಜ್ ಏರಿಕೆಗೆ ಸೇರಿಕೊಳ್ಳುತ್ತದೆ. ಎರಡೂ ಲೋಹ ಕೂಡಿಸಲೆಂದೇ ಇರುವ ಬೈಮೆಟಲ್ ಲಗ್ ಹಾಕಿ, ಕ್ರಿಂಪ್ ಮಾಡಿ. ಮೀಟರಿನಿಂದಾಚೆಯ ಗಂಟನ್ನು ಮುಟ್ಟುವ ಅಧಿಕಾರ ಸೆಸ್ಕ್‌ನವರಿಗೆ ಮಾತ್ರ, ಅವರಿಂದಲೇ ಮಾಡಿಸಿ.

ಇನ್ವರ್ಟರ್ ಪಶ್ಚಿಮದ ಬಿಸಿಲು ಬೀಳದ ಗೋಡೆಯಲ್ಲಿ, ಮಾಡಿನ ಕೆಳಗೆ, ಸುತ್ತ ಒಂದಡಿಗೂ ಹೆಚ್ಚು ಜಾಗ ಬಿಟ್ಟು ಇರಲಿ. ಕಾಫಿ ಗೋಡೌನಿನೊಳಗೆ ಬೇಡ, ಸಿಪ್ಪೆಯ ಧೂಳು ಹಿಂದಿನ ಹೀಟ್‌ಸಿಂಕಿನಲ್ಲಿ ತುಂಬುತ್ತದೆ. ವೈರ್ ಕೆಳಗಿನಿಂದಲೇ ಒಳ ಹೋಗಲಿ, ಹೋಗುವ ಮೊದಲು ಒಂದು ಇಳಿಬಳುಕು ಇರಲಿ, ನೀರು ಅಲ್ಲಿಂದ ತೊಟ್ಟಿಕ್ಕುತ್ತದೆ. ವೈರ್ ತೂರಿಸುವ ಗ್ಲ್ಯಾಂಡ್ ತೂತುಗಳಲ್ಲಿ ಬಳಸದವನ್ನು ಮುಚ್ಚಿ. ಬಿಟ್ಟರೆ ಇರುವೆ ಗೂಡು ಕಟ್ಟುವುದು ಖಂಡಿತ.

ಅರ್ತಿಂಗ್

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯೇ ಇನ್ವರ್ಟರಿಗೆ ದೊಡ್ಡ ಶತ್ರು. ಮೂರು ಅರ್ತ್ ಗುಂಡಿ: ಪ್ಯಾನಲ್ ಫ್ರೇಮ್ ಮತ್ತು ಡಿಸಿ ಅರೆಸ್ಟರಿಗೊಂದು, ಇನ್ವರ್ಟರ್ ಬಾಡಿ ಮತ್ತು ಏಸಿ ಅರೆಸ್ಟರಿಗೊಂದು, ಮಿಂಚುಬಂಧಕಕ್ಕೊಂದು. 3 ಮೀಟರಿನ ರಾಡ್, ಗುಂಡಿಗಳ ನಡುವೆಯೂ ಕನಿಷ್ಠ ಅಷ್ಟೇ ಅಂತರ. ಮೊದಲ ಎರಡನ್ನು ಮನೆಯ ಮುಖ್ಯ ಅರ್ತಿಗೂ ಸೇರಿಸಿ. ಮಿಂಚುಬಂಧಕದ ಪಟ್ಟಿ ಮಾತ್ರ ಬೇರೆ ದಾರಿಯಲ್ಲಿ, ತಿರುವುಗಳಿಲ್ಲದೆ ನೆಟ್ಟಗೆ ಇಳಿಯಲಿ. ಡಿಸಿ ಕೇಬಲಿನ ಜೊತೆ ಒಂದೇ ಪೈಪಿನಲ್ಲಿ ಅದನ್ನು ಇಳಿಸಬೇಡಿ. ರೆಸಿಸ್ಟನ್ಸ್ 5 ಓಮಿನೊಳಗಿರಬೇಕು. ಇದನ್ನು ಅಳೆಯುವುದು ಮಾರ್ಚಿನಲ್ಲಿ. ಆಗಸ್ಟಿನಲ್ಲಿ ಅಳೆದರೆ ಕೊಡಗಿನ ಯಾವ ಮಣ್ಣೂ ಪಾಸಾಗುತ್ತದೆ.

ಮೊದಲ ಬಾರಿ ಆನ್ ಮಾಡುವುದು

ಸ್ಟ್ರಿಂಗಿನ ವೋಲ್ಟೇಜ್ ಮತ್ತು ಪ್ಲಸ್–ಮೈನಸ್ ನೋಡಿ. ಆರು ಪ್ಯಾನಲಿಗೆ 280ರಿಂದ 300ರ ನಡುವೆ ಬರಬೇಕು. 240ರ ಹತ್ತಿರ ಬಂದರೆ ಒಂದು ಪ್ಯಾನಲ್ ಸೇರಿಲ್ಲ. ಏಸಿ ಕಡೆ ಫೇಸ್–ನ್ಯೂಟ್ರಲ್ ಜೊತೆಗೆ ನ್ಯೂಟ್ರಲ್–ಅರ್ತ್ ವೋಲ್ಟೇಜನ್ನೂ ಅಳೆಯಿರಿ. 3 ವೋಲ್ಟಿಗಿಂತ ಹೆಚ್ಚಿದ್ದರೆ ನ್ಯೂಟ್ರಲ್ ಎಲ್ಲೋ ಸಡಿಲವಿರಬಹುದು. ಅದನ್ನು ಸರಿಮಾಡದೆ ಮುಂದೆ ಹೋಗಬೇಡಿ.

ಮೆನುವಿನಲ್ಲಿ ಗ್ರಿಡ್ ಕೋಡ್ ಇಂಡಿಯಾ ಎಂದಿರಲಿ. ಆಯ್ಕೆ ಮಾಡಿ ಬಿಟ್ಟರೆ ಸಾಲದು, ಒಳಗೆ ಹೋಗಿ ಮೇಲಿನ ಮತ್ತು ಕೆಳಗಿನ ವೋಲ್ಟೇಜ್ ಮಿತಿಯ ಅಂಕಿಗಳನ್ನು ಓದಿ, ಬರೆದಿಡಿ. ಬೇರೆ ದೇಶದ ಕೋಡಿನಲ್ಲೇ ಬಿಟ್ಟುಹೋದ ಯಂತ್ರಗಳು ಬೇಕಾದಷ್ಟಿವೆ. ಟ್ರಿಪ್ ನಿಲ್ಲಿಸಲು ಮಿತಿಯನ್ನೇ 270, 280ಕ್ಕೆ ಏರಿಸಿಕೊಡುತ್ತೇವೆ ಎನ್ನುವವರ ಮಾತಿಗೆ ಒಪ್ಪಬೇಡಿ. ಇನ್ವರ್ಟರ್ ಓಡುತ್ತದೆ ನಿಜ, ಅದೇ ವೋಲ್ಟೇಜು ನಿಮ್ಮ ಫ್ರಿಜ್ಜಿಗೂ ಪಕ್ಕದ ಮನೆಯ ಟಿವಿಗೂ ಹೋಗುತ್ತದೆ. ವೋಲ್ಟೇಜ್ ಏರಿದಂತೆ ಉತ್ಪಾದನೆಯನ್ನು ಮೆಲ್ಲಗೆ ತಗ್ಗಿಸುವ ಸೌಲಭ್ಯ ಇದ್ದರೆ, ಸೆಸ್ಕ್ ಒಪ್ಪಿಗೆ ಪಡೆದು ಅದನ್ನು ಆನ್ ಮಾಡಿಸಿ. ಪೂರ್ತಿ ನಿಲ್ಲುವುದಕ್ಕಿಂತ ಶೇ. 70ರಲ್ಲಿ ಓಡುವುದು ಲಾಭ. ವಾಷಿಂಗ್ ಮೆಶಿನ್, ನೀರೆತ್ತುವ ಮೋಟಾರ್ ಇವನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡರೂ ಲೈನಿಗೆ ಹೋಗುವ ಕರೆಂಟ್ ಕಡಿಮೆಯಾಗಿ ವೋಲ್ಟೇಜ್ ಇಳಿಯುತ್ತದೆ.

ಓಡತೊಡಗಿದ ಮೇಲೆ ಮುಖ್ಯ ಪರೀಕ್ಷೆ: ಮೇನ್ ಸ್ವಿಚ್ ಇಳಿಸಿ. 2 ಸೆಕೆಂಡಿನೊಳಗೆ ಇನ್ವರ್ಟರ್ ನಿಲ್ಲಬೇಕು, ಎಸಿಡಿಬಿಯಲ್ಲಿ ಮಲ್ಟಿಮೀಟರ್ ಸೊನ್ನೆ ತೋರಿಸಬೇಕು. ಮತ್ತೆ ಮೇನ್ ಏರಿಸಿದಾಗ ತಕ್ಷಣ ಸೇರಬಾರದು, ಕನಿಷ್ಠ 60 ಸೆಕೆಂಡ್ ಲೈನ್ ಸ್ಥಿರವಿದೆಯೇ ಎಂದು ನೋಡಿ ಸೇರಬೇಕು. ಮಳೆಯಲ್ಲಿ ಮರ ಬಿದ್ದ ಲೈನನ್ನು ಸರಿಮಾಡಲು ಕಂಬ ಹತ್ತಿದ ಲೈನ್‌ಮನ್ ಜೀವ ನಿಂತಿರುವುದು ಈ ಎರಡು ಸೆಕೆಂಡಿನ ಮೇಲೆ. ರಿಪೇರಿಗೆ ನಿಲ್ಲಿಸುವಾಗ ಮೊದಲು ಏಸಿ ಆಫ್, ಆಮೇಲೆ ಡಿಸಿ, ನಂತರ ಹತ್ತು ನಿಮಿಷ ಮುಟ್ಟಬೇಡಿ. ಓಡುತ್ತಿರುವಾಗ ಪ್ಯಾನಲ್ ವೈರುಗಳನ್ನು ಕೂಡಿಸುವ ಎಂಸಿ4 ಕನೆಕ್ಟರ್ ಎಳೆಯುವುದಂತೂ ಸರ್ವಥಾ ಕೂಡದು.

ಜನರೇಟರ್ ಇರುವ ಮನೆಗಳು

ಕರೆಂಟ್ ಹೋದರೆ ಸೋಲಾರ್ ಕೂಡ ಹೋಗುತ್ತದೆ. ಇದನ್ನು ಹಾಕಿಸುವವರಿಗೆ ಮೊದಲೇ ಹೇಳದೆ ಆಮೇಲೆ ಜಗಳವಾಗುವುದು ಸಾಮಾನ್ಯ. ಅದಕ್ಕೆಂದು ಜನರೇಟರ್ ಹಾಕಿ ಸೋಲಾರನ್ನೂ ಅದರ ಜೊತೆ ಓಡಿಸಹೊರಟರೆ ಅಪಾಯ. 5 ಕೆವಿಎ ಜನರೇಟರಿನ ಮೇಲೆ 1 ಕಿಲೋವ್ಯಾಟ್ ಲೋಡ್ ಇದೆ, ಅದನ್ನೇ ಗ್ರಿಡ್ ಎಂದು ತಿಳಿದು ಇನ್ವರ್ಟರ್ 3 ಕಿಲೋವ್ಯಾಟ್ ಕೊಡುತ್ತದೆ ಎನ್ನಿ. ಉಳಿದ 2 ಕಿಲೋವ್ಯಾಟ್ ಜನರೇಟರಿಗೇ ವಾಪಸ್ ನುಗ್ಗುತ್ತದೆ. ಎಂಜಿನ್ ವೇಗ ಏರುತ್ತದೆ, ವೋಲ್ಟೇಜ್ ಹಾರುತ್ತದೆ, ಮನೆಯ ಸಾಮಾನು ಸುಡುತ್ತದೆ. ಆದ್ದರಿಂದ ಸೋಲಾರ್ ವೈರನ್ನು ಚೇಂಜ್ ಓವರ್ ಸ್ವಿಚ್ಚಿನ ಲೈನ್ ಕಡೆಗೆ ಸೇರಿಸಬೇಕು. ಸ್ವಿಚ್ ಜನರೇಟರಿಗೆ ತಿರುಗಿದಾಗ ಇನ್ವರ್ಟರಿಗೆ ಸತ್ತ ಲೈನ್ ಕಾಣುತ್ತದೆ, ಅದು ಸುಮ್ಮನಿರುತ್ತದೆ. ಚೇಂಜ್ ಓವರ್ ನ್ಯೂಟ್ರಲನ್ನೂ ಬದಲಿಸುವಂಥದ್ದಾಗಿರಲಿ: ಸಿಂಗಲ್ ಫೇಸಿಗೆ ಎರಡು ಪೋಲ್, ತ್ರೀ ಫೇಸಿಗೆ ನಾಲ್ಕು. ಮನೆಯ ಯುಪಿಎಸ್ ಔಟ್‌ಪುಟ್ ಬೋರ್ಡಿಗೂ ಸೋಲಾರನ್ನು ಸೇರಿಸಬೇಡಿ.

ಬ್ಯಾಟರಿಯನ್ನೂ ಸೇರಿಸಬಲ್ಲ ಹೈಬ್ರಿಡ್ ಇನ್ವರ್ಟರ್ ಮತ್ತು 5 ಯೂನಿಟ್ ಲಿಥಿಯಂ ಬ್ಯಾಟರಿ ಇದ್ದರೆ ಒಂದು ರಾತ್ರಿ ಲೈಟು, ಫ್ರಿಜ್, ವೈಫೈ ನಡೆಯುತ್ತದೆ. ಜುಲೈನಲ್ಲಿ ಮೂರು ದಿನ ಕರೆಂಟ್ ಇಲ್ಲದಿದ್ದರೆ ಬ್ಯಾಟರಿ ತುಂಬುವಷ್ಟು ಬಿಸಿಲೂ ಇರುವುದಿಲ್ಲ. ಜನರೇಟರ್ ಮಾರಿಬಿಡಬೇಡಿ. ಹೈಬ್ರಿಡ್ಡಿನ ಬ್ಯಾಕಪ್ ಔಟ್‌ಪುಟ್ಟಿಗೆ ಬೇರೆಯೇ ಡಿಬಿ ಬೇಕು, ಕೈಪಿಡಿ ಹೇಳದ ಹೊರತು ಅದರ ನ್ಯೂಟ್ರಲನ್ನು ಲೈನಿನ ನ್ಯೂಟ್ರಲಿಗೆ ಕೂಡಿಸುವಂತಿಲ್ಲ.

ಮಳೆಗಾಲದ ‘ಐಸೊ ಫಾಲ್ಟ್’

ಒದ್ದೆ ಬೆಳಗಿನಲ್ಲಿ ಬಂದು ಬಿಸಿಲೇರಿದಾಗ ಹೋಗುವ ಈ ದೋಷಕ್ಕೆ ಕಾರಣ ಡಿಸಿ ವೈರಿನಿಂದ ಅರ್ತಿಗೆ ಸೋರಿಕೆ. ಇಲಿ ಕಡಿದ ಕೇಬಲ್, ಶೀಟಿನ ಮೇಲೆ ನೀರಿನಲ್ಲಿ ಮಲಗಿದ ಎಂಸಿ4, ಒಂದು ಕಂಪನಿಯ ಗಂಡಿಗೆ ಇನ್ನೊಂದು ಕಂಪನಿಯ ಹೆಣ್ಣು ಸೇರಿಸಿದ ಕನೆಕ್ಟರ್, ಇವೇ ಸಾಮಾನ್ಯ. ಎಲ್ಲಿದೆ ಎಂದು ಹುಡುಕಲು ಮಾಡು ಹತ್ತಬೇಕಾಗಿಲ್ಲ. ಏಸಿ, ಡಿಸಿ ಎರಡೂ ಆಫ್ ಮಾಡಿ, ಸ್ಟ್ರಿಂಗನ್ನು ಇನ್ವರ್ಟರಿನಿಂದ ಬಿಡಿಸಿ, ಅರೆಸ್ಟರನ್ನೂ ಬಿಡಿಸಿ, ಪ್ಲಸ್–ಅರ್ತ್ ಮತ್ತು ಮೈನಸ್–ಅರ್ತ್ ವೋಲ್ಟೇಜ್ ಅಳೆಯಿರಿ. ಒಳ್ಳೆಯ ಸ್ಟ್ರಿಂಗಿನಲ್ಲಿ ಎರಡೂ ಅಂಕಿ ಮೆಲ್ಲಗೆ ಸೊನ್ನೆಯ ಕಡೆ ಇಳಿಯುತ್ತವೆ. ಇಳಿಯದೆ ನಿಂತರೆ ಆ ಅಂಕಿಯೇ ಜಾಗ ಹೇಳುತ್ತದೆ. ಒಟ್ಟು 297 ಇದ್ದು ಪ್ಲಸ್‌ನಿಂದ ಅರ್ತಿಗೆ 99 ಬಂದರೆ, ಪ್ಯಾನಲಿಗೆ 49.5ರಂತೆ ಎರಡು ಪ್ಯಾನಲ್. ಅಂದರೆ ಪ್ಲಸ್ ತುದಿಯಿಂದ ಎರಡನೆಯ ಮತ್ತು ಮೂರನೆಯ ಪ್ಯಾನಲಿನ ನಡುವಿನ ಜಂಟಿಯಲ್ಲಿ ಸೋರಿಕೆ. ಇದು 300 ವೋಲ್ಟ್ ಡಿಸಿ, ಹಿಡಿದರೆ ಬಿಡುವುದಿಲ್ಲ. ಸಾವಿರ ವೋಲ್ಟಿನ ಗ್ಲೌಸ್ ಹಾಕಿದ ಎಲೆಕ್ಟ್ರಿಷಿಯನ್ ಮಾಡುವ ಕೆಲಸ, ಅದೂ ನೆಲ ಒಣಗಿರುವ ಕಡೆ ನಿಂತು. ಸೋರಿಕೆ ಒದ್ದೆಯಲ್ಲಷ್ಟೇ ಕಾಣುವುದರಿಂದ ಮಳೆ ನಿಂತ ಕೂಡಲೇ, ಪ್ಯಾನಲ್ ಆರುವ ಮೊದಲು ಅಳೆಯಬೇಕು. ಜಂಟಿ ಸಿಕ್ಕಿದ ಮೇಲೆ ಎರಡೂ ಬದಿಯ ಕನೆಕ್ಟರನ್ನು ಕತ್ತರಿಸಿ, ಒಂದೇ ಕಂಪನಿಯ ಹೊಸ ಜೋಡಿ ಹಾಕಿ, ಸರಿಯಾದ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿ, ಶೀಟಿಗೆ ತಾಗದಂತೆ ರೈಲಿಗೆ ಕಟ್ಟಿ.